ಕಲ್ಲಮ್ಮನ ಪಾಲಿನ ನೀರು

“ಎಳಿ ಮೇಲಕ್ಕೆ!” ಎಂದು ದಡದಲ್ಲಿ ನಿಂತು ಹಿನ್ನೀರಿನ ಅಧಿಕಾರಿ ಅನಿಲ್‌ಕುಮಾರ್ ಸಾಹೇಬರು ಕೂಗಿದರು. ಮೀನು ಹಿಡಿಯುವ ಕಲ್ಲಮ್ಮನ ತೆಪ್ಪದಿಂದ ಕಾವಲುಗಾರ ಸಿದ್ದರಾಜು ಬಲೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡ. ಅದರಲ್ಲಿ ಸಿಕ್ಕಿದ್ದ ನಾಲ್ಕು ಕಾಟ್ಲಾ ಮೀನು ಅವನ ಬೆನ್ನಿಗೆ ಬಡಿಯುತ್ತಿದ್ದವು.

“ಇದು ನೀಲಿ ವಲಯ, ನೋಡಮ್ಮ. ಪ್ರವಾಸಿಗರ ಬೋಟಿಗೆ ಮೀಸಲು. ನಿಮ್ಮದು ಹಳದಿ. ಮೀಟಿಂಗ್‌ನಲ್ಲಿ ಹೇಳಿರಲಿಲ್ವಾ?”

ಹೇಳಿದ್ದರು. ಈ ಸಾಹೇಬರು ಕರಾವಳಿಯಲ್ಲಿ ಸಮುದ್ರವನ್ನೇ ಹೋಳು ಮಾಡಿ ಹಂಚಿ ಬಂದವರಂತೆ. ಹೇಮಾವತಿ ಹಿನ್ನೀರು ಅವರಿಗೆ ಯಾವ ಲೆಕ್ಕ! ಕಳೆದ ಕಾರ್ತೀಕದಲ್ಲಿ, ನೀರು ತುಂಬಿ ತುಳುಕುತ್ತಿದ್ದಾಗ ಆಕಾಶದಿಂದ ತೆಗೆಸಿದ ಫೋಟೊವೊಂದನ್ನು ಗೋಡೆಗೆ ಅಂಟಿಸಿ ಮೂರು ಬಣ್ಣ ಬಳಿದರು. ನೀಲಿ ವ್ಯಾಪಾರಕ್ಕೆ, ಹಸಿರು ಹಕ್ಕಿಗಳಿಗೆ, ಹಳದಿ ಬಡವರಿಗೆ. ಎಲ್ಲರಿಗೂ ಸಮಪಾಲು ಎಂದು ತಾವೇ ಚಪ್ಪಾಳೆ ತಟ್ಟಿಕೊಂಡರು. ಬೇಸಿಗೆಯ ಮಾತೆತ್ತಿದ ಕಲ್ಲಮ್ಮನಿಗೆ, ಕೊನೆಯಲ್ಲಿ ಕೇಳಿ ಅಂದರು. ಕೊನೆಯಲ್ಲಿ ಊಟ ಇತ್ತು.

“ಸಾ, ಬಲೆ ಕೊಟ್ಬುಡಿ. ಅದಿಲ್ದಿದ್ರೆ ನಾವೇನ್ ಮಣ್ ತಿನ್ನೋದಾ?”

“ಹಳದೀಲೇ ಹಿಡಿತೀನಿ ಅಂತ ಒಪ್ಕೊಳ್ಳಿ, ಈಗಲೇ ಕೊಡ್ತೀನಿ.”

“ಅಂಗಾದ್ರೆ ಬನ್ನಿ ಸಾ. ನನ್ ಹಳದಿ ಎಲ್ಲೈತೆ ಅಂತ ನೀವೇ ತೋರ್ಸಿ.”

ಏಪ್ರಿಲ್ ಬಿಸಿಲಿನಲ್ಲಿ ಸಾಹೇಬರು ಮೊಬೈಲಿನ ನಕ್ಷೆ ನೋಡುತ್ತ ಮುಂದೆ ಹೋದರು, ಅವರಿಬ್ಬರೂ ಹಿಂದೆ. ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ದಾಟಿ, ನಕ್ಷೆಯ ಹಳದಿ ಬಂದಲ್ಲಿ ನಿಂತರು. ನಕ್ಷೆಯ ಪ್ರಕಾರ ಸಾಹೇಬರು ಆಗ ಹತ್ತಡಿ ನೀರಿನಲ್ಲಿ ಮುಳುಗಿದ್ದರು. ಕಾಲ ಕೆಳಗೆ ನೆಲ ಬಿರುಕು ಬಿಟ್ಟಿತ್ತು, ದನಗಳು ಮೇಯುತ್ತಿದ್ದವು.

“ನೀರೆಲ್ಲಿ?” ಎಂದು ಸಾಹೇಬರು ಸಿದ್ದರಾಜುವಿನ ಮುಖ ನೋಡಿದರು, ಅವನೇ ಕುಡಿದುಬಿಟ್ಟನೇನೋ ಎಂಬಂತೆ.

“ಬ್ಯಾಸ್ಗೇಲಿ ಇಲ್ಲಿರಾಕಿಲ್ಲ ಸಾ,” ಎಂದಳು ಕಲ್ಲಮ್ಮ. “ ಹಳೇ ಹೊಳೆ ಅರೀತಿದ್ದ ಗುಂಡೀಲಿ ಮಾತ್ರ ಇರ್ತದೆ. ಆ ಗುಂಡಿಗೇ ನೀವು ನೀಲಿ ಬಳ್ದಿರೋದು.”

ಕಲ್ಲಮ್ಮನಿಗೆ ಒಂದು ಗಳಿಗೆ ಆಸೆ ಹುಟ್ಟಿತು. ಕಣ್ಣಾರೆ ಕಂಡ ಮೇಲೆ ಎಂಥ ದಡ್ಡನಿಗಾದರೂ ತಿಳಿಯಬೇಕಲ್ಲ! ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದರು. ನೋಡುತ್ತ ನೋಡುತ್ತ ಮುಖ ಅರಳಿತು.

“ಎಷ್ಟು ಮಟ್ಟಸವಾಗಿದೆ ಜಾಗ! ಬೋಟಿಂಗಿಗೆ ಬರೋರು ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಂತಿದ್ರು. ಇಲ್ಲೇ ಪಾರ್ಕಿಂಗ್ ಮಾಡಿಸ್ತೀನಿ. ಹಳದಿ ವಲಯ ರದ್ದು.”

ಬಲೆಯನ್ನು ದಡದಲ್ಲಿ ನಿಲ್ಲಿಸಿದ್ದ ತಮ್ಮ ಜೀಪಿಗೆ ಹಾಕುವಂತೆ ಸಿದ್ದರಾಜುವಿಗೆ ಸನ್ನೆ ಮಾಡಿದರು. ಅವನು ಕಲ್ಲಮ್ಮನ ಕಡೆ ನೋಡಲಾರದೆ ಜೀಪಿನತ್ತ ನಡೆದ.

ಕಲ್ಲಮ್ಮನ ಮೈಯೆಲ್ಲ ಉರಿದುಹೋಯಿತು. ನೀರಿಲ್ಲದ ಪಾಲು ಕೊಟ್ಟು, ಈಗ ಅದನ್ನೂ ಕಿತ್ತುಕೊಂಡ ಮೇಲೆ ಈ ಸಾಹೇಬನಿಗೆ ಇನ್ಯಾಕೆ ಹೆದರಬೇಕು?

“ಮಾಡ್ಸಿ ಸಾ, ಧಾರಾಳವಾಗಿ ಮಾಡ್ಸಿ,” ಎಂದಳು. “ಆಸಾಡ ಕಳೀಲಿ, ನೀರು ಇಲ್ಲೀಗಂಟ ಬರ್ಲಿ. ಒಸಾ ಬಲೆ ಎಣ್ಕಂಡು ಬತ್ತೀನಿ, ನಿಮ್ ಕಾರುಗಳ ನೆತ್ತಿ ಮ್ಯಾಲೆ ಬುಡಾಕೆ!”