ಅಳೆದು ಕೊಟ್ಟ ನೀರು

ಎರಡೂ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಶುರುವಾದಾಗ ಗುರುಶಾಂತಪ್ಪ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ. "ಓಣಿ ಮಂದಿಗೆ ಹೇಳಬ್ಯಾಡ. ಅವರ ಕನಿಕರ ನನಗ ಬ್ಯಾಡ."

ಶಿವಲೀಲಾ ಯಾರ ಮುಂದೆಯೂ ಬಾಯಿಬಿಡಲಿಲ್ಲ. ದಿನಕ್ಕೆ ಒಂದು ಸಣ್ಣ ತಂಬಿಗೆಗಿಂತ ಹೆಚ್ಚು ನೀರು ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಸುಡು ಬೇಸಿಗೆಯಲ್ಲಿ ಗಂಡನ ತುಟಿ ಒಣಗುವುದನ್ನು ನೋಡಲಾರದೆ ಅವಳೂ ಅಷ್ಟೇ ನೀರು ಕುಡಿದುಕೊಂಡಿದ್ದಳು.

ಆದರೂ ಅವನ ಕಾಲು ಬಾತವು, ತೂಕ ಏರಿತು.

"ಮನ್ಯಾಗ ನೀರ ಕುಡಸಾಕತ್ತೀರೇನ್ರಿ? ಎದಿಯಾಗ ನೀರ ತುಂಬಿದ್ರ ಜೀವಕ್ಕ ಅಪಾಯ," ಎಂದು ನರ್ಸು ಗದರಿದಳು.

"ನಿನ್ನಾಣಿ, ಒಂದ ಗುಟುಕೂ ಹೆಚ್ಚಿಗಿ ಕುಡದಿಲ್ಲ," ಎಂದ ಗುರುಶಾಂತಪ್ಪ. ಶಿವಲೀಲಾ ನಂಬಿದಳು. ತೂಕದ ಯಂತ್ರವೇ ಕೆಟ್ಟಿದೆಯೆಂದು ನರ್ಸಿನೊಡನೆ ಜಗಳಕ್ಕೇ ನಿಂತಳು.

ಮರುವಾರ ಅವನಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಸೇರಿಸಿ, ಹಾಸಿಗೆ ಬಟ್ಟೆ ಒಯ್ಯಲು ಅವಳು ಮನೆಗೆ ಓಡಿಬಂದಳು. ಪಕ್ಕದ ಮನೆಯ ಕಸ್ತೂರೆವ್ವ ಬಾಗಿಲಲ್ಲೇ ತಡೆದಳು.

"ಹೆಂಗದಾನ ನಿನ್ನ ಗಂಡ?"

"ಎದಿಯಾಗ ನೀರ ತುಂಬೇತ್ರಿ. ಉಳೀತಾನೋ ಇಲ್ಲೋ ಗೊತ್ತಿಲ್ಲ." ಶಿವಲೀಲಾಳಿಗೆ ಅಳು ಒತ್ತರಿಸಿ ಬಂತು. "ಹೆಂಗ ತುಂಬಿತೋ ಏನೋ."

"ಈಗ ಅತ್ತರ ಏನ ಬಂತು?" ಮುದುಕಿಯ ದನಿಯಲ್ಲಿ ಕನಿಕರವಿರಲಿಲ್ಲ. "ದಿನಾ ನಮ್ಮ ಕಟ್ಟಿ ಮ್ಯಾಲ ಕುಂತು ಗಟಗಟ ನೀರ ಕುಡದು, 'ನನ್ನ ಹೇಣ್ತಿ ಬಾಯಿಗೆ ನೀರೂ ಕೊಡೂದಿಲ್ಲವ್ವಾ' ಅಂತ ಅಳತಿದ್ದ. ಇಡೀ ಓಣಿಗೇ ಗೊತ್ತೈತಿ, ನೀ ಎಂಥಾಕಿ ಅನ್ನೂದು."