ಮೂರು ಸಲ ಒತ್ತಿದರೆ

ನಾಲ್ಕನೆಯ ಏಟಿಗೆ ಗಾಜು ಬಿರಿಯಿತು. ಅವನು ಸುತ್ತಿಗೆ ಕೆಳಗಿಟ್ಟು ಫೋನನ್ನು ದೀಪಕ್ಕೆ ಹಿಡಿದ. ಬಿರುಕು ನೋಡಬೇಕಾದ ಕಣ್ಣು ಸಭೆಯ ಮೇಜಿನ ಆಚೆ ಕೂತಿದ್ದ ಭಾವನ ಕೈಗಳ ಮೇಲಿತ್ತು. ಅಷ್ಟು ಸೆಕೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಅಂಗಿಯ ತೋಳು. ಇದೇ ಕೈಗಳು, ಅಂದುಕೊಂಡ.

ಮುಂದಿನ ವರ್ಷ ಮಾರುಕಟ್ಟೆಗೆ ಬರಬೇಕಾದ ಫೋನುಗಳನ್ನು ಒಡೆದು ನೋಡುವುದು ಅವನ ಉದ್ಯೋಗ. ಎತ್ತರದಿಂದ ಬೀಳಿಸುತ್ತಾನೆ, ತುಳಿಯುತ್ತಾನೆ, ನೀರಿನಲ್ಲಿ ಮುಳುಗಿಸಿ ಕಾಯುತ್ತಾನೆ. ಕಚೇರಿಯಲ್ಲಿ ಎಲ್ಲರೂ ಅವನನ್ನು ಪುಡಿ ಎಂದೇ ಕರೆಯುವುದು. ಬಿರುಕಿನ ಜಾಡು ನೋಡಿದರೆ ಸಾಕು, ಫೋನು ತಾನೇ ಹೋಗಿ ಅಪ್ಪಳಿಸಿತೋ, ಅದಕ್ಕೆ ಯಾರಾದರೂ ಹೊಡೆದರೋ ಹೇಳಿಬಿಡುತ್ತಾನೆ. ಆ ವಿಷಯದಲ್ಲಿ ಈವರೆಗೆ ತಪ್ಪಿದ್ದಿಲ್ಲ. ಭಾವ ಅದೇ ಕಂಪನಿಯಲ್ಲಿ ಕ್ಯಾಮೆರಾ ವಿಭಾಗದವನು.

ಹೋದ ವಾರ ಅಕ್ಕನ ಬಲಗೈಗೆ ಪ್ಲಾಸ್ಟರ್ ಬಿತ್ತು. ಕಿರುಬೆರಳಿನ ಬುಡದ ಗೆಣ್ಣು ಮುರಿದಿತ್ತು. ಬಚ್ಚಲಲ್ಲಿ ಜಾರಿದೆ ಅಂದಳು. ಹಾಗೆನ್ನುವಾಗ ಅವಳು ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಆ ಒಂದು ನೋಟ ಪುಡಿಗೆ ಸಾಕಾಯಿತು. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಹೊಡೆದು ಬಡಿದು ಮನುಷ್ಯನನ್ನಾಗಿ ಮಾಡಿದಳು ಎಂದು ಅವನೇ ನಗುತ್ತ ಹೇಳಿಕೊಳ್ಳುತ್ತಿದ್ದ. ಅವಳ ಮೈ ಮುಟ್ಟಿದವನನ್ನು ಸುಮ್ಮನೆ ಬಿಡುವ ಮಾತೇ ಇರಲಿಲ್ಲ.

ಅಂದಿನ ಸಭೆಯಲ್ಲಿ ಚರ್ಚೆಗಿದ್ದದ್ದು ಒಂದೇ. ಹೊಸ ಫೋನಿನ ಬಲಪಕ್ಕದಲ್ಲಿ ಕ್ಯಾಮೆರಾಕ್ಕೆಂದೇ ಒಂದು ಬಟನ್ ಇಡಬೇಕೇ, ಬೇಡವೇ. ಬೇರೆ ಕಂಪನಿಗಳು ಇಡುತ್ತಿವೆ ಎಂಬ ಸುದ್ದಿ ಹಬ್ಬಿತ್ತು. ಅರ್ಧ ಒತ್ತಿದರೆ ಫೋಕಸ್, ಬೆರಳು ಜಾರಿಸಿದರೆ ಜೂಮ್. ಇಷ್ಟಕ್ಕೆ ಹೊಸ ಬಟನ್ ಯಾಕೆ, ಪರದೆ ಸತ್ತುಹೋಗಿದೆಯೇ ಎಂದು ವಿಭಾಗದ ಮುಖ್ಯಸ್ಥೆ ಮೇಡಂ ಕೇಳಿದರು. ಬೇಕೇ ಬೇಕು ಅನ್ನುವಂಥ ಒಂದು ಕಾರಣ ಅವರಿಗೆ ಬೇಕಿತ್ತು.

ಪುಡಿ ಕೊಟ್ಟ. ಮೂರು ಸಲ ಒತ್ತಿದರೆ ಪರದೆ ಬೆಳಗಬಾರದು, ಸದ್ದಾಗಬಾರದು, ಆದರೆ ವಿಡಿಯೊ ಶುರುವಾಗಬೇಕು. ಮೊದಲೇ ಗುರುತಿಸಿಟ್ಟ ಒಬ್ಬರಿಗೆ ಅದು ನೇರ ಹೋಗಬೇಕು. ಮನೆಯೊಳಗೆ ಏಟು ತಿನ್ನುವವರಿಗಾಗಿ. ಕೊನೆಯ ಮಾತನ್ನು ಅವನು ಮೇಡಂ ಕಡೆ ನೋಡಿ ಹೇಳಲಿಲ್ಲ, ಭಾವನ ಕಡೆ ನೋಡಿ ಹೇಳಿದ.

ಭಾವ ಬೇಡವೆಂದ. ಬಟನ್ ಅಂದರೆ ಇನ್ನೊಂದು ತೂತು, ನೀರು ನುಗ್ಗುತ್ತದೆ. ಜೇಬಿನಲ್ಲಿ ತಾನಾಗಿ ಒತ್ತಿಕೊಳ್ಳುತ್ತದೆ. ಮಾದರಿ ಫೋನಿನಲ್ಲಿ ಎರಡು ಲಕ್ಷ ಸಲ ಒತ್ತಿಸಿ ನೋಡಿದ್ದೇನೆ, ಹನಿ ನೀರೂ ಹೋಗಿಲ್ಲ ಎಂದು ಪುಡಿ ವರದಿಯನ್ನು ಮೇಜಿನ ಮೇಲೆ ಎಸೆದ. ಭಾವ ಅದನ್ನು ಮುಟ್ಟಲಿಲ್ಲ.

"ಏಟು ಬೀಳುವಾಗ ಕೈ ಬಟನ್ ಹುಡುಕಲ್ಲ," ಅಂದ. "ತಲೆ ಮುಚ್ಕೊಳ್ಳುತ್ತೆ."

ಪುಡಿ ಮೇಜಿನ ಮೇಲೆ ಮುಂದಕ್ಕೆ ಬಾಗಿದ.

"ಚೆನ್ನಾಗಿ ಗೊತ್ತಿರೋ ಹಾಗಿದೆ ನಿಮಗೆ."

"ವಿಡಿಯೊ ಹೋಗುತ್ತೆ, ಸರಿ. ನೋಡಿದವರು ನಂಬಬೇಕಲ್ಲ."

ಮೇಡಂ ಇಬ್ಬರ ಮುಖವನ್ನೂ ನೋಡಿ, ತೀರ್ಮಾನ ಸೋಮವಾರಕ್ಕೆ ಎಂದು ಎದ್ದುಬಿಟ್ಟರು.

ಪುಡಿ ಸೋಮವಾರದವರೆಗೆ ಕಾಯಲಿಲ್ಲ. ಊಟದ ಹೊತ್ತಿಗೆ ಹಿಂದಿನ ಮೆಟ್ಟಿಲಲ್ಲಿ ಭಾವನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ. ಮೊದಲ ಗುದ್ದಿಗೆ ತುಟಿ ಒಡೆಯಿತು. ಎರಡನೆಯದಕ್ಕೆ ಕನ್ನಡಕ ಹಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿಯುತ್ತ ಕೆಳಗೆ ಹೋಯಿತು. ಮೂರನೆಯದು ಎಡಗಣ್ಣಿನ ಮೇಲೆ. ಆಮೇಲೆ ಅವನು ಲೆಕ್ಕ ಇಡಲಿಲ್ಲ. ಮೂಳೆಗೆ ಮೂಳೆ ತಾಗುವ ಸದ್ದು ಗಾಜಿನದಕ್ಕಿಂತ ಮೆತ್ತಗಿರುತ್ತದೆ ಎಂಬುದು ಮಾತ್ರ ನೆನಪಿನಲ್ಲಿ ಉಳಿಯಿತು.

ಭಾವ ತಿರುಗಿ ಕೈ ಎತ್ತಲಿಲ್ಲ. ಕೂಗಲೂ ಇಲ್ಲ. ಹೆಂಗಸರಿಗೆ ಹೊಡೆಯುವವರೆಲ್ಲ ಹೀಗೇ, ಗಂಡಸಿನ ಮುಂದೆ ಉಸಿರೆತ್ತುವುದಿಲ್ಲ ಅಂದುಕೊಂಡ ಪುಡಿ. ಜಗ್ಗಾಟದಲ್ಲಿ ಅಂಗಿಯ ತೋಳು ಭುಜದಿಂದ ಹರಿದು ಜೋತಾಡುತ್ತಿತ್ತು. ಬಾಯಿಂದ ಸುರಿಯುತ್ತಿದ್ದ ರಕ್ತ ಒರೆಸಿಕೊಳ್ಳುವ ಮೊದಲು ಭಾವ ಆ ತೋಳನ್ನು ಮೇಲಕ್ಕೆಳೆದು ಭುಜ ಮುಚ್ಚಿಕೊಂಡ.

"ಅಕ್ಕನಿಗೆ ಹೇಳ್ಬೇಡ," ಅಂದ. "ಬಿದ್ದೆ ಅಂತೀನಿ."

ಪುಡಿ ಅವನ ಕಾಲಬುಡದಲ್ಲಿ ಉಗಿದು ಮೆಟ್ಟಿಲಿಳಿದ.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದ. ಅವಳು ಹಾಲ್‌ನಲ್ಲಿ ಕೂತು ಒಂದೇ ಕೈಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಪ್ಲಾಸ್ಟರಿನ ಮೇಲೆ ಬಿದ್ದಿತ್ತು. ಇನ್ನು ಹೆದರಬೇಡ ಅಂದ. ಎಲ್ಲ ಗೊತ್ತಾಗಿದೆ, ಮುಚ್ಚಿಡುವುದು ಬೇಡ ಅಂದ. ಮೆಟ್ಟಿಲಲ್ಲಿ ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದ. ಬಟ್ಟೆ ಮಡಚುತ್ತಿದ್ದ ಅಕ್ಕನ ಕೈ ನಿಧಾನವಾಯಿತು.

ಮೂರು ಒತ್ತಿನ ವಿಡಿಯೊ ಆಗಲೇ ಅಳವಡಿಸಿಟ್ಟಿದ್ದ ಕಚೇರಿಯ ಮಾದರಿ ಫೋನನ್ನು ಅವನು ಅವಳ ಎಡಗೈಗಿಟ್ಟ. ಹೆಬ್ಬೆರಳನ್ನು ಬಟನ್ ಮೇಲೆ ಕೂರಿಸಿ, ನೋಡದೆಯೇ ಮೂರು ಸಲ ಒತ್ತುವುದನ್ನು ಕಲಿಸಿದ. ಭಾವ ಮತ್ತೆ ಕೈ ಎತ್ತಿದರೆ ಸಾಕು, ನನಗೆ ಬರುತ್ತದೆ ಅಂದ. ಅವಳು ಒತ್ತಿದಳು. ಅವನ ಜೇಬಿನಲ್ಲಿ ಫೋನು ಅದುರಿತು. ಇಬ್ಬರಿಗೂ ಅದು ಕೇಳಿಸಿತು.

"ಭಾವನ ಹತ್ರಾನೂ ಇದೆಯಾ ಇಂಥದ್ದು?"

ಇಲ್ಲ, ಅವನು ಬೇಡ ಅಂದವನು ಅಂದ ಪುಡಿ. ಅಕ್ಕ ತಲೆಯಾಡಿಸಿದಳು. ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, ಬಟ್ಟೆಗಳ ಪಕ್ಕಕ್ಕಿಟ್ಟಳು.

"ಎಲ್ಲೆಲ್ಲಿಗೆ ಹೊಡೆದೆ?"

"ಮುಖಕ್ಕೇ. ಕಣ್ಣು ಊದಿಕೊಂಡಿದೆ, ತುಟಿಗೆ ಹೊಲಿಗೆ ಬೀಳುತ್ತೆ. ನಾಳೆ ಕಚೇರಿಯವರೆಲ್ಲ ನೋಡ್ಲಿ."

ಅಕ್ಕ ಅವನ ಕೆನ್ನೆ ಸವರಿದಳು. ಚಿಕ್ಕವನಿದ್ದಾಗ ಲೆಕ್ಕ ತಪ್ಪು ಮಾಡಿದರೆ ಎಷ್ಟು ಮೆತ್ತಗೆ ಮಾತಾಡುತ್ತಿದ್ದಳೋ, ಅಷ್ಟೇ ಮೆತ್ತಗೆ ಮಾತಾಡಿದಳು.

"ದಡ್ಡ ಕಣೋ ನೀನು. ಕಾಣೋ ಜಾಗಕ್ಕೆ ನಾನು ಯಾವತ್ತಾದ್ರೂ ಹೊಡೆದಿದೀನಾ?"