ಅಜ್ಜಿಯ ಕೆಮ್ಮಿಗೆ ನನ್ನ ಕಾರ್ಡು

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ಸೌದಿಯ ಅಲ್ ಖೋಬರಿನ ಆ ಕ್ಲಿನಿಕ್ ನೆನಪಾಗುತ್ತದೆ. ನಾನಾಗ ಎರಡನೇ ಕ್ಲಾಸು. ಅದು ಸೋಮವಾರ ಮಧ್ಯಾಹ್ನ. ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಇದ್ದ ನನಗೆ ವಿಮೆಯ ಕಾರ್ಡಿತ್ತು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿಯ ವಿಮೆ ಕೆಮ್ಮಿಗೆಲ್ಲ ನಡೆಯುತ್ತಿರಲಿಲ್ಲ.

"ಡಾಕ್ಟರ ಎದುರು ನೀನು ಕೆಮ್ಮಬೇಕು," ಎಂದು ಅಮ್ಮ ದಾರಿಯಲ್ಲೇ ಹೇಳಿಕೊಟ್ಟಿದ್ದಳು.

ಕೆಮ್ಮಿದೆ. ಮೂಲೆಯಲ್ಲಿ ಕೂತಿದ್ದ ಅಜ್ಜಿ ನನಗಿಂತ ಜೋರಾಗಿ ಕೆಮ್ಮಿದರು.

ಉಡುಪಿ ಕಡೆಯ ಡಾಕ್ಟರು ನನ್ನ ಎದೆಯ ಸದ್ದು ಕೇಳಿ ಮೂಗರಳಿಸಿದರು. "ಎಣ್ಣೆ ಹಚ್ಚಿದ್ದು ಯಾರಿಗೆ?"

ಅಮ್ಮ ನೆಲ ನೋಡಿದಳು. ನಾನು ಅಜ್ಜಿಯನ್ನು ತೋರಿಸಿದೆ.

ಡಾಕ್ಟರು ನನ್ನ ಹೆಸರು ತೆರೆದಿದ್ದ ಕಂಪ್ಯೂಟರಿನ ಕೀಬೋರ್ಡನ್ನು ಆಚೆ ಸರಿಸಿ, ಅಜ್ಜಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. "ಉಸಿರು ಎಳೆಯಿರಿ, ಅಮ್ಮಾ." ಆಮೇಲೆ ಔಷಧಿಯ ಹೆಸರನ್ನು ಬಾಯಲ್ಲೇ ಹೇಳಿದರು.

"ಎಂತ ಡಾಕ್ಟರು ಮಾರಾಯ್ತಿ, ಒಂದಕ್ಷರ ಬರೆಯಲಿಲ್ಲ!" ಎಂದರು ಅಜ್ಜಿ, ಹೊರಗೆ ಬಂದು.

ಅಮ್ಮ ನನ್ನ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು. ಔಷಧಿಯ ಹೆಸರು ಮರೆಯದಂತೆ ಉರು ಹಾಕುತ್ತ ಫಾರ್ಮಸಿಯತ್ತ ನಡೆದಳು.